ಚದುರಿದ ಮನೆಗಳಲ್ಲಿ ಒಂದೇ ಕ್ರಿಸ್‌ಮಸ್



ಆಗಮನಕಾಲದ ಮೊದಲನೆಯ ಭಾನುವಾರ ಬಲಿಪೀಠದ ಬಳಿ ನಿಂತು ಜನರ ಕಡೆ ತಿರುಗಿದಾಗ ಗಂಡಸರು ಕೂಡುವ ಬದಿಯ ಚಾಪೆ ಅರ್ಧ ಬರಿದಾಗಿರುತ್ತದೆ. ದೀಪಾವಳಿ ಮುಗಿದು, ಮುಂಗಾರಿನ ಪೀಕು ಮನೆಗೆ ಬಂದು, ಹಿಂಗಾರಿ ಜೋಳ ಬಿತ್ತಿದ ಮೇಲೆ ನಮ್ಮ ಕಡೆಯ ಎಷ್ಟೋ ಮನೆಗಳಿಗೆ ಬೀಗ ಬೀಳುತ್ತದೆ. ಬಾದಾಮಿ, ಹುನಗುಂದದ ಹಳ್ಳಿಗಳಿಂದ ಕೆಲವರು ಗೋವಾಕ್ಕೆ, ಕೆಲವರು ಮಂಗಳೂರು, ಉಡುಪಿಯ ಕಟ್ಟಡ ಕೆಲಸಕ್ಕೆ, ಕೆಲವರು ಬೆಂಗಳೂರಿಗೆ ಹೋಗುತ್ತಾರೆ. ಇನ್ನು ಕೆಲವರು ಕಬ್ಬು ಕಡಿಯುವ ಹಂಗಾಮಿಗೆ ಕೃಷ್ಣಾ, ಘಟಪ್ರಭಾ ದಂಡೆಯ ಹೊಲಗಳಿಗೆ ಇಳಿಯುತ್ತಾರೆ. ಗುಳೆ ಎಂಬ ಆ ಚಿಕ್ಕ ಮಾತಿನ ಭಾರವನ್ನು ನಮ್ಮ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಕೂಡಿ ಕಾಯೋಣ ಬನ್ನಿರೆಂದು ಧರ್ಮಸಭೆ ಕರೆಯುವ ಹೊತ್ತಿಗೆ ಸರಿಯಾಗಿ ನಮ್ಮ ಧರ್ಮಕೇಂದ್ರ ಚದುರಿಹೋಗಿರುತ್ತದೆ.

ಕೆಲವು ವರ್ಷಗಳ ಹಿಂದೆ ಇಳಕಲ್ ಕಡೆಯ ಒಬ್ಬ ತಾಯಿ ಬಲಿಪೂಜೆ ಮುಗಿದ ಮೇಲೆ ನನ್ನನ್ನು ತಡೆದು ಕೇಳಿದರು: "ಫಾದರ್, ಮಗಾ ಗೋವಾದ ಜುವಾರಿನಗರದಾಗ ಅದಾನ, ಮಗಳು ಅಳಿಯಾ ಮಂಗಳೂರಾಗ ಅದಾರ, ನಾ ಇಲ್ಲಿ ಎರಡು ಆಡು ಕಟಿಗೊಂಡು ಕುಂತೀನಿ. ನಮ್ಮ ಮನೀ ಕ್ರಿಸ್‌ಮಸ್ ಎಲ್ಲಿ ಅಂತ ತಿಳ್ಕೋಬೇಕ್ರೀ?"

"ಯೇಸುಸ್ವಾಮಿ ಎಲ್ಲಾ ಕಡೆ ಇದ್ದಾರಮ್ಮ" ಎಂದು ಹೇಳಿ ನಾನು ಮುಂದೆ ಸರಿದೆ. ಆ ತಾಯಿ ತಲೆಯಾಡಿಸಿದರು. ಆದರೆ ಅವರು ಕೇಳಿದ್ದು ಯೇಸುಸ್ವಾಮಿ ಎಲ್ಲಿದ್ದಾರೆಂದು ಅಲ್ಲವೇ ಅಲ್ಲ. ಅದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಮೂರು ಊರಿನಲ್ಲಿ ಹರಿದು ಹಂಚಿಹೋದ ಒಂದು ಕುಟುಂಬ ಒಂದು ಹಬ್ಬವನ್ನು ಹೇಗೆ ಒಟ್ಟಾಗಿ ಆಚರಿಸಬೇಕು ಎಂಬುದು ಅವರ ಪ್ರಶ್ನೆ. ಆ ದಿನ ಕೊಡದೆ ಬಿಟ್ಟ ಉತ್ತರವನ್ನು ಈ ಲೇಖನದಲ್ಲಿ ಕೊಡಲು ಯತ್ನಿಸುತ್ತೇನೆ.

ಗೋಡೆಯ ಮೇಲಿನ ಗೆರೆಗಳು

ಆ ತಾಯಿಯ ಪ್ರಶ್ನೆ 2020ರಲ್ಲಿ ಇಡೀ ಲೋಕದ ಪ್ರಶ್ನೆಯಾಯಿತು. ಆ ವರ್ಷ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿತು. ಏಪ್ರಿಲ್ 12ರ ಪಾಸ್ಖ ಹಬ್ಬದಂದು ನಾನು ಖಾಲಿ ದೇವಾಲಯದಲ್ಲಿ ಪೂಜೆ ಅರ್ಪಿಸಿದೆ. ದೇವಾಲಯಗಳ ಬಾಗಿಲು ತೆರೆದದ್ದು ಜೂನ್ 8ರಂದು. ಅಷ್ಟರಲ್ಲಿ ಗುಳೆ ಹೋದವರು ಮಂಗಳೂರಿನಿಂದ, ಗೋವಾದಿಂದ, ಮಹಾರಾಷ್ಟ್ರದಿಂದ ಸಿಕ್ಕ ಬಸ್ಸು ಹತ್ತಿ, ಬಸ್ಸು ಸಿಗದವರು ನಡೆದು, ಊರು ಸೇರಿದ್ದರು. ಎಷ್ಟೋ ವರ್ಷಗಳ ನಂತರ ಹಳ್ಳಿಯ ಮನೆಗಳೆಲ್ಲ ತುಂಬಿದ್ದವು. ದೇವಾಲಯ ಮಾತ್ರ ಬರಿದಾಗಿತ್ತು. ಇದೊಂದು ವಿಚಿತ್ರ ತಿರುವುಮುರುವು.

ನಾನೂ ಆಗ ಎಲ್ಲರಂತೆ ಮೊಬೈಲ್ ಫೋನನ್ನು ಒಂದು ಕೋಲಿಗೆ ಕಟ್ಟಿ ಬಲಿಪೂಜೆಯನ್ನು ಪ್ರಸಾರ ಮಾಡತೊಡಗಿದೆ. ಬಾಗಲಕೋಟೆಯ ವಿದ್ಯಾಗಿರಿ, ನವನಗರದ ಕುಟುಂಬಗಳು ನೋಡಿದವು. ದುಬೈಯಲ್ಲಿ ನರ್ಸ್ ಆಗಿರುವ ನಮ್ಮ ಒಬ್ಬ ಹುಡುಗಿಯೂ ನೋಡಿದಳು. ನನಗೆ ತೃಪ್ತಿಯಾಯಿತು. ಎಲ್ಲರನ್ನೂ ತಲುಪಿದೆ ಎಂದುಕೊಂಡೆ.

ಜೂನ್ ತಿಂಗಳಲ್ಲಿ ಹುನಗುಂದದ ಕಡೆಯ ಒಂದು ಹಳ್ಳಿಗೆ ಹೋದೆ. ಅಲ್ಲಿ ಒಬ್ಬ ಅಜ್ಜ ಇದ್ದರು. ಹಿಂದೆ ಉಪದೇಶಿಯಾಗಿ ಹಳ್ಳಿ ಹಳ್ಳಿ ಸುತ್ತಿದವರು. ಅವರ ಬಳಿ ಫೋನು ಇರಲಿಲ್ಲ, ಇದ್ದರೂ ಅವರ ಕಣ್ಣಿಗೆ ಅದು ಕಾಣುತ್ತಿರಲಿಲ್ಲ. ಎರಡೂವರೆ ತಿಂಗಳು ಅವರಿಗೆ ನನ್ನಿಂದ ಒಂದು ಮಾತೂ ಹೋಗಿರಲಿಲ್ಲ. ನಾನು ತಪ್ಪಿತಸ್ಥನಂತೆ ಹೊಸ್ತಿಲಲ್ಲಿ ನಿಂತಾಗ ಅವರು ಒಳಗೆ ಕರೆದು ಗೋಡೆ ತೋರಿಸಿದರು. ದೇವರ ಪಟದ ಕೆಳಗೆ ಇದ್ದಲಿನಿಂದ ಎಳೆದ ಸಣ್ಣ ಸಣ್ಣ ಗೆರೆಗಳು, ಏಳಕ್ಕೊಂದು ಉದ್ದನೆಯ ಗೆರೆ. ಉದ್ದ ಗೆರೆಯ ದಿನ ಹತ್ತು ಗಂಟೆಗೆ ಹಣೆಗೆ ಶಿಲುಬೆಯ ಗುರುತು ಹಾಕಿಕೊಂಡು, ನೆನಪಿದ್ದ ಪ್ರಾರ್ಥನೆಗಳನ್ನು ಹೇಳಿ, ಸೊಸೆಯಿಂದ ಶುಭಸಂದೇಶ ಓದಿಸಿದ್ದರು. "ಪವಿತ್ರಾತ್ಮರ ಹಬ್ಬಾ ಮೇ ಮೂವತ್ತೊಂದಕ್ಕ ಬಂದಿತ್ತಲ್ರೀ ಗುರುಗಳ?" ಎಂದು ಕೇಳಿದರು. ಹೌದು, ಪೆಂತೆಕೋಸ್ತ್ ಹಬ್ಬ ಮೇ 31ಕ್ಕೇ ಬಂದಿತ್ತು. ಅಜ್ಜನ ಲೆಕ್ಕ ಒಂದು ದಿನವೂ ತಪ್ಪಿರಲಿಲ್ಲ.

ಅವರು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಆದರೆ ಆ ವರ್ಷದ ಆಗಮನಕಾಲವನ್ನು ಹೇಗೆ ನಡೆಸಬೇಕೆಂದು ನಾನು ಕಲಿತದ್ದು ಆ ಗೋಡೆಯಿಂದ.

ಆ ವರ್ಷ ಆಗಮನಕಾಲ ನವೆಂಬರ್ 29ಕ್ಕೆ ಆರಂಭವಾಯಿತು. ದೇವಾಲಯಗಳು ತೆರೆದಿದ್ದರೂ ಅಂತರ ಬಿಟ್ಟು ಕೂಡಬೇಕಿತ್ತು. 65 ವರ್ಷ ದಾಟಿದವರು, ಹತ್ತು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು ಮನೆಯಲ್ಲೇ ಇರುವುದು ಒಳಿತೆಂದು ಸರ್ಕಾರದ ಸೂಚನೆ ಇತ್ತು. ಯೋಚಿಸಿ ನೋಡಿ: ಗರ್ಭಿಣಿ ಮರಿಯಮ್ಮ, ಹಸುಗೂಸು ಯೇಸು, ಮುಪ್ಪಾದ ಸಿಮೆಯೋನ ಮತ್ತು ಅನ್ನಮ್ಮ. ಕ್ರಿಸ್‌ಮಸ್ ಕಥೆಯಲ್ಲಿ ಯಾರು ಯಾರು ಇದ್ದಾರೋ ಅವರೇ ಮನೆಯಲ್ಲಿ ಉಳಿಯಬೇಕಾದವರು. ಡಿಸೆಂಬರ್ 16ರಂದು ವ್ಯಾಟಿಕನ್ನಿನ ದೈವಾರಾಧನಾ ವಿಭಾಗ, ಜನ ಗುಂಪುಗೂಡದಂತೆ ಹಬ್ಬದ ದಿನ ಒಬ್ಬ ಗುರು ನಾಲ್ಕು ಪೂಜೆಗಳವರೆಗೆ ಅರ್ಪಿಸಲು ಅನುಮತಿ ಕೊಡುವ ಅಧಿಕಾರವನ್ನು ಧರ್ಮಾಧ್ಯಕ್ಷರಿಗೆ ನೀಡಿತು. ನಮ್ಮ ರಾಜ್ಯದಲ್ಲಿ ಡಿಸೆಂಬರ್ 23ರಂದು ರಾತ್ರಿ ಕರ್ಫ್ಯೂ ಎಂದು ಪ್ರಕಟವಾಯಿತು. 24ರಂದು ಅದನ್ನು ಹಿಂದಕ್ಕೆ ಪಡೆದರು. ಆ ಎರಡು ದಿನ ನನ್ನ ಫೋನು ಬಡಿದುಕೊಂಡಷ್ಟು ಮತ್ತೆಂದೂ ಬಡಿದುಕೊಂಡಿಲ್ಲ. ರೋಮಿನಲ್ಲಿಯೂ ಅದೇ ಪರಿಸ್ಥಿತಿ. ಪೋಪ್ ಫ್ರಾನ್ಸಿಸರು ಅಲ್ಲಿಯ ಕರ್ಫ್ಯೂ ನಿಯಮಕ್ಕೆ ತಲೆಬಾಗಿ ಕ್ರಿಸ್‌ಮಸ್ ಇರುಳಿನ ಪೂಜೆಯನ್ನು ಸಂಜೆ ಏಳೂವರೆಗೇ, ಬೆರಳೆಣಿಕೆಯ ಜನರೊಡನೆ ಅರ್ಪಿಸಿದರು.

ಮೊದಲ ಕ್ರಿಸ್‌ಮಸ್ ಕೂಡ ಹೀಗೆಯೇ

ಲೂಕನ ಶುಭಸಂದೇಶದ ಮೊದಲ ಎರಡು ಅಧ್ಯಾಯಗಳನ್ನು ಈ ದೃಷ್ಟಿಯಿಂದ ಓದಿ. ಅಲ್ಲಿ ಯಾರೂ ಒಟ್ಟಿಗೆ ಇಲ್ಲ. ಜಕರೀಯ ಮಾತು ಕಳೆದುಕೊಂಡು ಮನೆಯಲ್ಲಿದ್ದಾನೆ. ಎಲಿಜಬೇತಮ್ಮ ಐದು ತಿಂಗಳು ಯಾರ ಕಣ್ಣಿಗೂ ಬೀಳದೆ ಇದ್ದಾಳೆ. ಮರಿಯಮ್ಮನವರು ಮೂರು ತಿಂಗಳು ತವರೂರು ಬಿಟ್ಟು ಗುಡ್ಡಗಾಡಿನಲ್ಲಿದ್ದಾರೆ. ಚಕ್ರವರ್ತಿಯ ಆಜ್ಞೆ ಬಂತೆಂದು, ಹೆರಿಗೆಯ ದಿನ ಹತ್ತಿರವಿದ್ದರೂ ಒಂದು ಬಡಗಿ ಕುಟುಂಬ ನಜರೇತಿನಿಂದ ಬೆತ್ಲೆಹೇಮಿಗೆ ನಡೆಯುತ್ತದೆ. ನೂರು ಕಿಲೋಮೀಟರಿಗೂ ಮಿಕ್ಕ ಹಾದಿ. ಅಲ್ಲಿ ಛತ್ರದಲ್ಲಿ ಜಾಗವಿಲ್ಲ. ಕುರಿಗಾಹಿಗಳು ಊರ ಹೊರಗೆ ರಾತ್ರಿ ಪಾಳಿಯಲ್ಲಿದ್ದಾರೆ. ಮತ್ತಾಯನ ಜ್ಞಾನಿಗಳು ಇನ್ನೂ ಯಾವುದೋ ದೂರದೇಶದ ದಾರಿಯಲ್ಲಿ.

ಇವರನ್ನು ಒಂದು ಸಮುದಾಯವಾಗಿ ಮಾಡಿದ್ದೇನು? ಒಂದೇ ಚಾವಣಿಯಂತೂ ಇರಲಿಲ್ಲ. ಬೇರೆ ಬೇರೆ ಜಾಗಗಳಲ್ಲಿ ಅವರಿಗೆ ಒಂದೇ ವಾರ್ತೆ ಬಂತು. ಬಂದ ವಾರ್ತೆಯನ್ನು ಅವರು ತಮ್ಮಲ್ಲೇ ಇಟ್ಟುಕೊಳ್ಳದೆ ಒಬ್ಬರಿಂದೊಬ್ಬರಿಗೆ ಒಯ್ದರು. ಮರಿಯಮ್ಮ ಎಲಿಜಬೇತಳಲ್ಲಿಗೆ, ಕುರಿಗಾಹಿಗಳು ಗೋದಲಿಗೆ, ಅಲ್ಲಿಂದ ಊರಿಗೆ. ಕೊನೆಗೆ ದಾರಿಗಳೆಲ್ಲ ಒಂದು ಗೋದಲಿಯ ಮುಂದೆ ಕೂಡಿದವು, ಅದೂ ಒಂದೇ ದಿನವಲ್ಲ. ಒಬ್ಬೊಬ್ಬರು ಒಂದೊಂದು ಹೊತ್ತಿಗೆ ಬಂದರು.

ಗುಳೆ ಹೋಗುವ ನಮ್ಮ ಜನರಿಗೆ ಈ ಪಾಠ ಪುಸ್ತಕದಿಂದ ಬರಬೇಕಾಗಿಲ್ಲ. ಆ ಇಳಕಲ್ ತಾಯಿಯ ಮಗ ಒಮ್ಮೆ ಹೇಳಿದ್ದ: ಕಟ್ಟಡದ ಕೆಳಗಿನ ತಗಡಿನ ಶೆಡ್ಡಿನಲ್ಲಿ ಗಾರೆ ಹೊರುವ ಬುಟ್ಟಿಯನ್ನು ಬೋರಲು ಹಾಕಿ, ಅದರ ಮೇಲೆ ಒಂದು ಬಾಲಯೇಸುವಿನ ಚಿತ್ರ ಇಟ್ಟು, ಮೇಣದ ಬತ್ತಿ ಹಚ್ಚಿ, ನಮ್ಮ ಜಿಲ್ಲೆಯ ನಾಲ್ಕು ಕುಟುಂಬಗಳು ಕನ್ನಡದಲ್ಲಿ ಹಾಡಿ ಹಬ್ಬ ಮಾಡಿದವಂತೆ. ಹತ್ತಿರದ ಇಗರ್ಜಿಯಲ್ಲಿ ಕೊಂಕಣಿ ಪೂಜೆ. ಹಿಂದಿನ ಬೆಂಚಿನಲ್ಲಿ ಕೂತು ಬಂದರು, ಮಾತು ಅರ್ಥವಾಗಲಿಲ್ಲ, ಆದರೆ ಪರಮಪ್ರಸಾದ ಸ್ವೀಕರಿಸಿದರು. 2020ರಲ್ಲಿ ಮನೆ ಮಠ ಇದ್ದವರಿಗೆ ಹೊಸದಾಗಿ ಬಂದ ಕಷ್ಟ ಇವರಿಗೆ ಪ್ರತಿ ವರ್ಷದ್ದು. ಅದರ ಕುರಿತು ಆಗ ಲೇಖನ ಬರೆಯುವುದಿರಲಿ, ನಾವು ಯಾರೂ ಕೇಳಿಯೂ ಇರಲಿಲ್ಲ.

ಧರ್ಮಸಭೆಗೆ ಇದು ಹೊಸದಲ್ಲ

1576ರಲ್ಲಿ ಇಟಲಿಯ ಮಿಲಾನ್ ನಗರಕ್ಕೆ ಪ್ಲೇಗು ಬಂತು. ಆ ವರ್ಷದ ಕೊನೆಯಲ್ಲಿ ಊರಿಗೆ ಊರನ್ನೇ ಮನೆಯೊಳಗೆ ಇರಿಸಿದರು. ಅಲ್ಲಿನ ಆಗಮನಕಾಲ, ಕ್ರಿಸ್‌ಮಸ್ ಎರಡೂ ಹಾಗೆಯೇ ಕಳೆದವು. ಮಿಲಾನಿನವರಿಗೆ ಆಗಮನಕಾಲ ನಮ್ಮಂತೆ ನಾಲ್ಕು ವಾರವಲ್ಲ, ಆರು ವಾರ. ಅಲ್ಲಿಯ ಮಹಾಧರ್ಮಾಧ್ಯಕ್ಷರು ಸಂತ ಚಾರ್ಲ್ಸ್ ಬೊರೊಮಿಯೊ. ಬೀದಿಗಳು ಕೂಡುವ ಕಡೆಗಳಲ್ಲಿ ಅವರು ಬಲಿಪೀಠಗಳನ್ನು ನಿಲ್ಲಿಸಿದರು. ಜನರು ತಮ್ಮ ಕಿಟಕಿಗಳಿಂದಲೇ ಬಲಿಪೂಜೆಯನ್ನು ಕಂಡರು. ದಿನದಲ್ಲಿ ಹಲವು ಸಲ ಗಂಟೆ ಹೊಡೆಯುತ್ತಿತ್ತು. ಗಂಟೆ ಕೇಳಿದೊಡನೆ ಮನೆ ಮನೆಯವರು ಕಿಟಕಿಗೆ ಬಂದು, ಬೀದಿಯ ಈ ಬದಿ ಆ ಬದಿ ಪ್ರಾರ್ಥನೆಗೆ ಪ್ರಾರ್ಥನೆ ಕೊಡುತ್ತಿದ್ದರು. ಯಾರೂ ಹೊರಗೆ ಬರಲಿಲ್ಲ, ಆದರೂ ಬೀದಿ ತುಂಬ ಪ್ರಾರ್ಥನೆ. ಅಲ್ಲಿದ್ದ ಉಪಾಯ ಬಹಳ ಸರಳ: ಒಂದು ಗಂಟೆ, ಒಂದು ಹೊತ್ತು.

ಇನ್ನೊಂದು ಉದಾಹರಣೆ ಜಪಾನಿನದು. ಅಲ್ಲಿ 1614ರಲ್ಲಿ ಕ್ರೈಸ್ತಧರ್ಮವನ್ನು ದೇಶವ್ಯಾಪಿ ನಿಷೇಧಿಸಿದರು. ಗುರುಗಳು ಹತರಾದರು ಅಥವಾ ದೇಶ ಬಿಟ್ಟರು. ಆಮೇಲೆ ಇನ್ನೂರು ವರ್ಷಕ್ಕೂ ಮಿಕ್ಕಿ ನಾಗಸಾಕಿಯ ಸುತ್ತಣ ಹಳ್ಳಿಗರಿಗೆ ಗುರುವಿಲ್ಲ, ದೇವಾಲಯವಿಲ್ಲ, ಬಲಿಪೂಜೆಯಿಲ್ಲ. ಅವರು ತಮ್ಮೊಳಗೆ ಕೆಲಸ ಹಂಚಿಕೊಂಡರು. ಒಬ್ಬ ದೀಕ್ಷಾಸ್ನಾನ ಕೊಡುವವನು. ಒಬ್ಬ ಹಬ್ಬಗಳ ಪಂಚಾಂಗ ಕಾಯುವವನು. ಒಬ್ಬ ಮನೆ ಮನೆಗೆ ಹೋಗಿ ಇಂಥ ದಿನ ಇಂಥ ಹಬ್ಬ ಎಂದು ಗುಟ್ಟಾಗಿ ತಿಳಿಸುವವನು. 1865ರ ಮಾರ್ಚ್ 17ರಂದು ಅವರಲ್ಲಿ ಕೆಲವರು ನಾಗಸಾಕಿಯಲ್ಲಿ ಹೊಸದಾಗಿ ಎದ್ದ ಔರಾ ದೇವಾಲಯಕ್ಕೆ ಬಂದು ಫ್ರೆಂಚ್ ಗುರು ಪೆತಿಜಾನರ ಬಳಿ ತಮ್ಮ ವಿಶ್ವಾಸವನ್ನು ತೋಡಿಕೊಂಡರು. ತಾವು ಪ್ರಭುವಿನ ಜನನದ ಹಬ್ಬ ಮಾಡುತ್ತೇವೆಂದೂ, ಈಗ ತಪಸ್ಸುಕಾಲ ನಡೆಯುತ್ತಿದೆ, ಇಂದು ಅದರ ಹದಿನೇಳನೆಯ ದಿನವೆಂದೂ ಹೇಳಿದರು. ಆ ವರ್ಷ ವಿಭೂತಿ ಬುಧವಾರ ಮಾರ್ಚ್ 1ಕ್ಕೆ ಬಿದ್ದಿತ್ತು. ಎಣಿಸಿ ನೋಡಿ, ಹದಿನೇಳೇ ಆಗುತ್ತದೆ. ಇದನ್ನು ಓದಿದಾಗೆಲ್ಲ ನನಗೆ ಹುನಗುಂದದ ಆ ಗೋಡೆ ಕಣ್ಣಮುಂದೆ ಬರುತ್ತದೆ.

ನಾವು ದೇವಾಲಯದಲ್ಲಿ ಇಡುವ ಆಗಮನಕಾಲದ ಹಸಿರು ಚಕ್ರದ ಮೂಲವೂ ಇಂಥದ್ದೇ. ಅದನ್ನು ಮೊದಲು ಮಾಡಿದವರು ಕಥೋಲಿಕರಲ್ಲ. 1839ರಲ್ಲಿ ಜರ್ಮನಿಯ ಹ್ಯಾಂಬರ್ಗ್ ನಗರದಲ್ಲಿ ವಿಕೆರ್ನ್ ಎಂಬ ಪ್ರಾಟೆಸ್ಟಂಟ್ ಬೋಧಕರು ಬಡ ಮಕ್ಕಳ ಆಶ್ರಮವೊಂದನ್ನು ನಡೆಸುತ್ತಿದ್ದರು. ಮನೆಯಿಂದ ದೂರವಾದ ಆ ಮಕ್ಕಳು ದಿನಾಲೂ ಕೇಳುವುದೊಂದೇ, ಕ್ರಿಸ್‌ಮಸ್‌ಗೆ ಇನ್ನೆಷ್ಟು ದಿನ? ಅವರು ಒಂದು ಹಳೆಯ ಬಂಡಿಯ ಗಾಲಿ ತಂದು ಅದರ ಮೇಲೆ ವಾರದ ದಿನಗಳಿಗೆ ಸಣ್ಣ ಕೆಂಪು ಬತ್ತಿಗಳನ್ನೂ ಭಾನುವಾರಗಳಿಗೆ ದೊಡ್ಡ ಬಿಳಿ ಬತ್ತಿಗಳನ್ನೂ ನಿಲ್ಲಿಸಿದರು. ದಿನಕ್ಕೊಂದು ಬತ್ತಿ ಹಚ್ಚುತ್ತ ಮಕ್ಕಳು ಲೆಕ್ಕ ಕಲಿತರು, ಕಾಯುವುದನ್ನೂ ಕಲಿತರು. ಗುಳೇದಗುಡ್ಡದಲ್ಲಿ ಬಾಸೆಲ್ ಮಿಷನ್ನಿನ ಕಾಲದಿಂದ ಇರುವ ನಮ್ಮ ಸಿ.ಎಸ್.ಐ. ಬಂಧುಗಳು ಇದನ್ನು ಓದಿದರೆ ನಗುನಗುತ್ತ ತಮ್ಮ ಪಾಲು ಕೇಳಬಹುದು, ಕೊಡಲೇಬೇಕಾದದ್ದು. ನಮ್ಮ ಬಂಡಿಯ ಗಾಲಿಗಳಂತೂ ಈಗ ಹಿತ್ತಲಲ್ಲಿ ಗೆದ್ದಲು ಹಿಡಿಯುತ್ತಿವೆ. ಆಗಮನಕಾಲಕ್ಕೆ ಇದಕ್ಕಿಂತ ಒಳ್ಳೆಯ ಉಪಯೋಗ ಏನಿದೆ?

ಪರದೆ ಕಿಟಕಿ, ಮೇಜಲ್ಲ

ಇಲ್ಲಿ ಒಂದು ಮಾತನ್ನು ಸ್ಪಷ್ಟವಾಗಿ ಹೇಳಬೇಕು. "ಮನೆಯಲ್ಲೇ ಹಬ್ಬ ಮಾಡಬಹುದಾದರೆ ದೇವಾಲಯಕ್ಕೆ ಏಕೆ ಬರಬೇಕು?" ಎಂದು ಕೇಳುವವರು ಆಗಲೂ ಇದ್ದರು, ಈಗಲೂ ಇದ್ದಾರೆ. ಸೋಂಕಿನ ಕಾಲದಲ್ಲಿ ಫೋನಿನಲ್ಲಿ ಪೂಜೆ ನೋಡಿದ ಕೆಲವು ಮನೆಯವರು ಇಂದಿಗೂ ಮರಳಿ ಬಂದಿಲ್ಲ. ಬಸ್ಸು ಸಿಗದವರಲ್ಲ ಇವರು. ಬಾಗಿಲಲ್ಲಿ ಕಾರು ಇರುವವರು. ನನ್ನ ಮನಸ್ಸಿಗೆ ನೋವಾಗುವ ಸಂಗತಿ ಇದೇ.

ಮನೆಯನ್ನು "ಗೃಹ ಧರ್ಮಸಭೆ" ಎಂದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಪ್ರಕಟಿಸಿದ ತನ್ನ ಸಂವಿಧಾನದಲ್ಲಿ ಗುರುತಿಸಿದೆ. ತಂದೆತಾಯಿ ತಮ್ಮ ಮಕ್ಕಳಿಗೆ ವಿಶ್ವಾಸದ ಮೊದಲ ಬೋಧಕರು. ಆದರೆ ಗೃಹ ಧರ್ಮಸಭೆಯಲ್ಲಿ ಬಲಿಪೀಠವಿಲ್ಲ. ಮನೆಯ ಪ್ರಾರ್ಥನೆ ನಮ್ಮನ್ನು ಬಲಿಪೀಠಕ್ಕೆ ಸಿದ್ಧಮಾಡುತ್ತದೆ, ಅಲ್ಲಿಂದ ಬಂದದ್ದನ್ನು ಮನೆಯಲ್ಲಿ ಕಾಪಾಡುತ್ತದೆ; ಅದರ ಬದಲಿಗೆ ನಿಲ್ಲುವುದಿಲ್ಲ. 2020ರಲ್ಲೇ ವ್ಯಾಟಿಕನ್ನಿನ ದೈವಾರಾಧನಾ ವಿಭಾಗ ಧರ್ಮಾಧ್ಯಕ್ಷರುಗಳಿಗೆ ಬರೆದ ಪತ್ರದಲ್ಲಿ, ಪ್ರಸಾರದ ಪೂಜೆ ರೋಗಿಗಳಿಗೂ ಬರಲಾಗದವರಿಗೂ ದೊಡ್ಡ ಉಪಕಾರವೇ ಆದರೂ ಅದು ಸ್ವತಃ ಪಾಲ್ಗೊಳ್ಳುವುದಕ್ಕೆ ಸಮವಲ್ಲವೆಂದು ತಿಳಿಸಿತು. ಫೋನಿನ ಪರದೆ ಒಂದು ಕಿಟಕಿ. ಮಿಲಾನಿನ ಕಿಟಕಿಯಂತೆ ಅದರಿಂದ ಬಲಿಪೀಠ ಕಾಣುತ್ತದೆ. ಊಟ ಮಾತ್ರ ಮೇಜಿನ ಬಳಿಯೇ.

ಬರಲಾರದವರಿಗೆ ಧರ್ಮಸಭೆ ಬಾಗಿಲು ಹಾಕಿಲ್ಲ. ಪರಮಪ್ರಸಾದವನ್ನು ಸ್ವೀಕರಿಸಲಾಗದ ಹೊತ್ತಿನಲ್ಲಿ ಹಂಬಲದಿಂದ ಪ್ರಭುವನ್ನು ಹೃದಯಕ್ಕೆ ಬರಮಾಡಿಕೊಳ್ಳುವುದು ಬಹು ಹಳೆಯ ಭಕ್ತಿ. 16ನೇ ಶತಮಾನದ ತ್ರೆಂತ್ ಮಹಾಸಭೆ ಅದನ್ನು ಹೇಳಿತು, ಸಂತ ಅಲ್ಫೋನ್ಸರು ಅದಕ್ಕಾಗಿ ಒಂದು ಪ್ರಾರ್ಥನೆಯನ್ನೇ ರಚಿಸಿದರು. ಹಾಸಿಗೆ ಹಿಡಿದವರಿಗೂ ಕಬ್ಬಿನ ಹೊಲದ ಜೋಪಡಿಯಲ್ಲಿರುವವರಿಗೂ ಇದು ನಿಜವಾದ ಕೃಪೆ. ಆದರೆ ಹಂಬಲ ಎಂದರೆ ಹಸಿವು. ಮುಂದೆ ಊಟ ಇಟ್ಟಿದ್ದರೂ ಏಳದವನಿಗೆ ಹಸಿವಿದೆ ಎನ್ನಲಾಗದು. ಪಾಪನಿವೇದನೆಯೂ ಅಷ್ಟೇ, ಫೋನಿನಲ್ಲಿ ಆಗುವುದಿಲ್ಲ. ದಯವಿಟ್ಟು ಕೇಳಬೇಡಿ. ಕರೆದರೆ ಬರುತ್ತೇನೆ.

ನಾವು ಮಾಡುವುದು

ಬಾಗಲಕೋಟೆಯಿಂದ ಬಾದಾಮಿ ಒಂದು ದಿಕ್ಕು. ಹುನಗುಂದ, ಇಳಕಲ್ ಇನ್ನೊಂದು ದಿಕ್ಕು. ಬಾಗಲಕೋಟೆ ನಗರವೇ ಆಲಮಟ್ಟಿಯ ಹಿನ್ನೀರಿನಿಂದಾಗಿ ಹಳೇ ಊರು, ವಿದ್ಯಾಗಿರಿ, ನವನಗರ ಎಂದು ಹರಡಿಕೊಂಡಿದೆ. ಮುಳುಗಡೆಯಲ್ಲಿ ನೆರೆಹೊರೆಯನ್ನು ಕಳೆದುಕೊಂಡವರಿಗೆ ಅಗಲಿ ಬದುಕುವುದು ಸೋಂಕಿಗಿಂತ ಮುಂಚೆಯೇ ಗೊತ್ತು. 2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿದಾಗ ಬಾದಾಮಿ, ಹುನಗುಂದದ ಹೊಳೆದಂಡೆಯ ಜನ ಪರಿಹಾರ ಕೇಂದ್ರಗಳಲ್ಲಿ ಮಲಗಿದ್ದರು. ಇಷ್ಟು ಅಗಲದ ನೆಲದಲ್ಲಿ, ಸಂಖ್ಯೆಯಲ್ಲಿ ಇಷ್ಟು ಚಿಕ್ಕವರಾದ ನಾವು ಎಲ್ಲ ಭಾನುವಾರವೂ ಒಂದೇ ಕಡೆ ಸೇರುವುದು ಸಾಧ್ಯವಿಲ್ಲ. ಹಾಗಾಗಿ 2020ರಲ್ಲಿ ತುರ್ತಿಗೆಂದು ಮಾಡಿದ ಏರ್ಪಾಟನ್ನು ನಾವು ಬಿಟ್ಟಿಲ್ಲ.

ದೀಪಾವಳಿಯ ಆಸುಪಾಸು, ಗುಳೆ ಹೋಗುವವರು ಗಂಟುಮೂಟೆ ಕಟ್ಟುವ ಮೊದಲು, ಪ್ರತಿ ಕುಟುಂಬಕ್ಕೂ ಒಂದು ಕಟ್ಟು ಕೊಡುತ್ತೇವೆ. ಅದರಲ್ಲಿ ನಾಲ್ಕು ಮೇಣದ ಬತ್ತಿ, ಮೂರು ನೇರಳೆ, ಒಂದು ಗುಲಾಬಿ. ನಾಲ್ಕು ಭಾನುವಾರಗಳ ವಾಚನಗಳನ್ನು ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿದ ಒಂದು ಹಾಳೆ. ಗೋಡೆಗೆ ಅಂಟಿಸುವ ಒಂದು ಪಂಚಾಂಗ. ಈ ಪಂಚಾಂಗದಲ್ಲಿ ದಿನಕ್ಕೊಂದು ಖಾನೆ. ಇದ್ದಲಾಗಲಿ ಪೆನ್ನಾಗಲಿ, ಗೆರೆ ಎಳೆಯಲು. ಅಜ್ಜನ ಹೆಸರು ಹಾಕಿಲ್ಲ, ಆದರೆ ನಮ್ಮವರೆಲ್ಲ ಅದನ್ನು "ಅಜ್ಜನ ಹಾಳಿ" ಎಂದೇ ಕರೆಯುತ್ತಾರೆ. ಫೋನಿಲ್ಲದ ಮನೆಗಳ ಪಟ್ಟಿ ನನ್ನ ಮೇಜಿನ ಮೇಲೆ ಮೊದಲು ಇರುತ್ತದೆ. ಆ ಮನೆಗಳಿಗೆ ಯುವಕರು ಬೈಕಿನಲ್ಲಿ ಹೋಗಿ ಕೊಡುತ್ತಾರೆ. ಕೊಟ್ಟು ಬರುವುದಲ್ಲ, ಕೂತು ಒಂದು ಹಾಡು ಹಾಡಿ ಬರಬೇಕೆಂದು ನಿಯಮ.

ಶನಿವಾರ ಸಂಜೆ ಏಳಕ್ಕೆ ದೇವಾಲಯದ ಗಂಟೆ ಬಾರಿಸುತ್ತೇವೆ. ಅದೇ ಹೊತ್ತಿಗೆ ಎಲ್ಲ ಮನೆಗಳಲ್ಲೂ, ಎಲ್ಲ ಶೆಡ್ಡುಗಳಲ್ಲೂ ಆ ವಾರದ ಬತ್ತಿ ಹಚ್ಚಬೇಕು. ಗಂಟೆಯ ಸದ್ದು ಗೋವಾಕ್ಕೆ ಕೇಳಿಸುವುದಿಲ್ಲ. ಏಳು ಗಂಟೆ ಅಲ್ಲಿಯೂ ಆಗುತ್ತದೆ. ಮನೆಯ ಕಿರಿಯರು ಬತ್ತಿ ಹಚ್ಚಬೇಕು, ಓದಲು ಬರುವವರು ಮರುದಿನದ ಶುಭಸಂದೇಶ ಓದಬೇಕು, ಹಿರಿಯರು ದೂರದಲ್ಲಿರುವವರ ಹೆಸರನ್ನು ಒಂದೊಂದಾಗಿ ಹೇಳಿ ಪ್ರಾರ್ಥಿಸಬೇಕು. ಇಷ್ಟೇ. ಹತ್ತು ನಿಮಿಷ. ಉದ್ದ ಮಾಡಿದರೆ ಎರಡನೆಯ ವಾರಕ್ಕೇ ನಿಂತುಹೋಗುತ್ತದೆಂದು ಅನುಭವದಿಂದ ಕಲಿತಿದ್ದೇವೆ. ಫೋನಿರುವವರು ಹೆಸರು ಹೇಳುವಾಗ ಆ ಹೆಸರಿನವರಿಗೆ ಕರೆ ಮಾಡಬಹುದು. ಹಾಗೆ ಮಾಡಿದ ಒಂದು ಮನೆಯಲ್ಲಿ ಎರಡು ವರ್ಷದಿಂದ ಮಾತು ಬಿಟ್ಟಿದ್ದ ಅಣ್ಣತಮ್ಮಂದಿರು ಮಾತಾಡಿದರು. ಹೊಲದ ಜಗಳ ಇನ್ನೂ ಬಗೆಹರಿದಿಲ್ಲವೆನ್ನಿ.

ಗುಳೆಯಲ್ಲಿರುವವರಿಗೆ ನನ್ನ ವಿನಂತಿ ಒಂದಿದೆ. ಎಲ್ಲಿದ್ದೀರೋ ಆ ಊರಿನ ದೇವಾಲಯ ನಿಮ್ಮದೇ. ನೀವು ಅಲ್ಲಿ ಅತಿಥಿಗಳಲ್ಲ. ಭಾಷೆ ಬೇರೆಯಾದರೂ ಬಲಿಪೂಜೆಯ ಕ್ರಮ ಒಂದೇ; ಯಾವಾಗ ಏಳಬೇಕು, ಯಾವಾಗ ಮೊಣಕಾಲೂರಬೇಕು ಎಂದು ನಿಮಗೆ ಗೊತ್ತು. ಪೂಜೆಯ ನಂತರ ಅಲ್ಲಿಯ ಗುರುಗಳನ್ನು ಕಂಡು, ನಾವು ಬಾಗಲಕೋಟೆ ಜಿಲ್ಲೆಯ ಕಥೋಲಿಕರು, ಇಂಥ ಕಡೆ ಕೆಲಸಕ್ಕಿದ್ದೇವೆ ಎಂದು ಹೇಳಿ. ನಾಚಿಕೊಂಡು ಹಿಂದಿನ ಬಾಗಿಲಿನಿಂದ ಹೋಗಿಬಿಡಬೇಡಿ. ಹೇಳದಿದ್ದರೆ ಅವರಿಗೆ ತಿಳಿಯುವುದು ಹೇಗೆ? ಮಕ್ಕಳನ್ನು ಕರೆದೊಯ್ದವರು ದೀಕ್ಷಾಸ್ನಾನದ ಪತ್ರದ ಒಂದು ಪ್ರತಿಯನ್ನು ಜೊತೆಗೆ ಇಟ್ಟುಕೊಳ್ಳಿ. ಮೊದಲ ಪರಮಪ್ರಸಾದಕ್ಕೋ ಮದುವೆಗೋ ಅದು ಬೇಕಾಗುತ್ತದೆ. ಕರಾವಳಿಯ, ಗೋವಾದ ಧರ್ಮಕೇಂದ್ರಗಳ ಓದುಗರೇ, ನಿಮ್ಮ ಹಿಂದಿನ ಬೆಂಚಿನಲ್ಲಿ ಕೂತಿರುವ ಗಾರೆ ಕೈಯ ಮನುಷ್ಯನನ್ನು ಒಮ್ಮೆ ಹೆಸರು ಕೇಳಿ. ನಿಮ್ಮ ಮನೆಯ ಕುಸ್ವಾರಿನ ತಟ್ಟೆ ಅವನ ಶೆಡ್ಡಿಗೂ ಹೋಗಲಿ.

ಗೋದಲಿಯನ್ನೂ ಮನೆಯಲ್ಲಿ ಮಾಡಿ. 1223ರಲ್ಲಿ ಸಂತ ಫ್ರಾನ್ಸಿಸ್ ಅಸ್ಸಿಸಿಯವರು ಗ್ರೇಚ್ಚೋ ಎಂಬ ಗುಡ್ಡದ ಹಳ್ಳಿಯಲ್ಲಿ ಹುಲ್ಲು, ಎತ್ತು, ಕತ್ತೆ ತರಿಸಿ ಹಬ್ಬ ಮಾಡಿದ್ದು ಒಂದು ಗವಿಯಲ್ಲಿ. ದಿವಂಗತ ಪೋಪ್ ಫ್ರಾನ್ಸಿಸರು 2019ರ ಡಿಸೆಂಬರ್ 1ರಂದು ಅದೇ ಜಾಗಕ್ಕೆ ಹೋಗಿ, ಗೋದಲಿಯನ್ನು ಮನೆಯಲ್ಲಿ, ಕೆಲಸದ ಜಾಗದಲ್ಲಿ, ಆಸ್ಪತ್ರೆಯಲ್ಲಿ, ಸೆರೆಮನೆಯಲ್ಲಿ ಸಹ ಮಾಡಿರೆಂದು ಪತ್ರ ಬರೆದರು. ಒಂದು ಹಳೆಯ ಡಬ್ಬಿಯಲ್ಲಿ ಮಣ್ಣು ತುಂಬಿ ಡಿಸೆಂಬರ್ ಎರಡನೆಯ ವಾರ ಜೋಳ ಬಿತ್ತಿದರೆ ಹಬ್ಬಕ್ಕೆ ಹಸಿರು ಹುಲ್ಲು ಸಿದ್ಧ. ಹಬ್ಬದ ಇರುಳು ತಂದೆ ಅಥವಾ ತಾಯಿ ಅದರ ಮುಂದೆ ನಿಂತು ದೇವರ ಆಶೀರ್ವಾದ ಬೇಡಬಹುದು; ಗುರುಗಳು ಬರಲಿಲ್ಲವೆಂದು ಕಾಯಬೇಕಾಗಿಲ್ಲ.

ಹಬ್ಬಕ್ಕೆ ಬರಲಾಗದೆ ಜನವರಿಯಲ್ಲಿ ಊರಿಗೆ ಬರುವವರು "ಹಬ್ಬಾ ಆಗಿಹೋತು" ಎಂದು ಕೊರಗಬೇಡಿ. ಕ್ರಿಸ್‌ಮಸ್ ಒಂದು ದಿನದ ಹಬ್ಬವಲ್ಲ. ಪ್ರಭುವಿನ ದೀಕ್ಷಾಸ್ನಾನದ ಹಬ್ಬದವರೆಗೂ ಅದೇ ಕಾಲ. ಮೂರು ಜ್ಞಾನಿಗಳ ಹಬ್ಬ ಬರುವುದೇ ಜನವರಿಯ ಮೊದಲ ದಿನಗಳಲ್ಲಿ. ತಡವಾಗಿ ಬಂದವರಿಗಾಗಿಯೇ ಇರುವ ಹಬ್ಬ ಅದು. ನಾವು ಆ ಭಾನುವಾರ ದೇವಾಲಯದ ಅಂಗಳದಲ್ಲಿ ಎಲ್ಲರಿಗೂ ಊಟ ಇಟ್ಟುಕೊಳ್ಳುತ್ತೇವೆ. ಶೇಂಗಾ ಹೋಳಿಗೆ, ಅನ್ನ, ಸಾರು. ಡಿಸೆಂಬರ್ 25ಕ್ಕಿಂತ ಆ ದಿನವೇ ಹೆಚ್ಚು ಜನ.

ಇಳಕಲ್ಲಿನ ಆ ತಾಯಿ ಇವೆಲ್ಲಕ್ಕೂ ತಮ್ಮದೇ ಒಂದನ್ನು ಸೇರಿಸಿದ್ದಾರೆ. ಮಕ್ಕಳು ಹೊರಡುವಾಗ ಮನೆಯ ಗೋದಲಿಯ ಮಣ್ಣಿನ ಬೊಂಬೆಗಳನ್ನು ಹಂಚಿಕೊಡುತ್ತಾರೆ. ಮರಿಯಮ್ಮ, ಜೋಸೆಫ, ಬಾಲಯೇಸು ಇಳಕಲ್ಲಿನಲ್ಲಿ. ಕುರಿಗಾಹಿಯೂ ಎರಡು ಕುರಿಯೂ ಮಂಗಳೂರಿಗೆ. ಮೂವರು ಜ್ಞಾನಿಗಳು ಗೋವಾಕ್ಕೆ, ಬಟ್ಟೆಯಲ್ಲಿ ಸುತ್ತಿ ಟಿಫಿನ್ ಡಬ್ಬಿಯಲ್ಲಿ. ಯಾರು ಊರಿಗೆ ಬಂದರೂ ತಮ್ಮ ಬೊಂಬೆ ತಂದು ಗೋದಲಿಯಲ್ಲಿ ಇಡಬೇಕು. ಅಲ್ಲಿಯತನಕ ಗೋದಲಿಯನ್ನು ಬಿಚ್ಚುವುದಿಲ್ಲ. ಹೋದ ವರ್ಷ ಮಗಳು ಅಳಿಯ 24ರ ರಾತ್ರಿ ಬಸ್ಸಿಗೆ ಬಂದರು, ಕುರಿಗಳು ಹೊತ್ತಿಗೆ ಸರಿಯಾಗಿ ತಲುಪಿದವು. ಮಗನಿಗೆ ರಜೆ ಸಿಗಲಿಲ್ಲ. ಜ್ಞಾನಿಗಳು ಫೆಬ್ರವರಿಯಲ್ಲಿ ಬಂದರು, ಅವರಲ್ಲಿ ಒಬ್ಬರ ಕಿರೀಟ ಮುರಿದಿತ್ತು. ಅದನ್ನು ಸುಣ್ಣ ಹಚ್ಚಿ ಅಂಟಿಸಿ, ಗೋದಲಿಯಲ್ಲಿ ಇಟ್ಟು, ನನಗೆ ಫೋನ್ ಮಾಡಿಸಿದರು: "ಫಾದರ್, ನಮ್ಮ ಮನೀ ಕ್ರಿಸ್‌ಮಸ್ ಇವತ್ತ ಮುಗೀತು ನೋಡ್ರಿ."